ಹದಿನೈದು ಸಾವಿರ ತೊಟ್ಟಿಲುಗಳ ಅಜ್ಜಿ

ಬ್ಯಾಂಕಿನಲ್ಲಿ ಜೀವನವಿಡೀ ಲೆಡ್ಜರ್ ಬರೆದವನಿಗೆ ಯಾವ ಅಂಕಿ ಕಂಡರೂ ಕೂಡಿಸಿ, ಭಾಗಿಸಿ ನೋಡುವ ಚಾಳಿ. ಪಾವಗಡದ ಸೂಲಗಿತ್ತಿ ನರಸಮ್ಮನವರು ತಮ್ಮ ಜೀವಮಾನದಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದಾರೆ ಎಂದು ಪತ್ರಿಕೆಯಲ್ಲಿ ಓದಿದ ದಿನವೂ ನಾನು ಪೆನ್ಸಿಲ್ ಹಿಡಿದು ಕೂತೆ. ಎಪ್ಪತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 214. ಅಂದರೆ ವಾರಕ್ಕೆ ನಾಲ್ಕು. ಭಾನುವಾರದ ರಜೆ ಇಲ್ಲ, ಯುಗಾದಿಯ ರಜೆ ಇಲ್ಲ, ಮಳೆ ಬಂತು ಎಂಬ ನೆಪವಿಲ್ಲ. ಹೆರಿಗೆ ನೋವು ಪಂಚಾಂಗ ನೋಡಿ ಬರುವುದಿಲ್ಲವಲ್ಲ!

ಇಷ್ಟೆಲ್ಲ ದುಡಿಮೆಗೆ ಎದುರಾಗಿ ಜಮೆಯ ಕಡೆ ಬರೆಯೋಣವೆಂದರೆ ಅಂಕಿಯೇ ಸಿಗುವುದಿಲ್ಲ. ಹೆರಿಗೆ ಮಾಡಿಸಿದ್ದಕ್ಕೆ ನರಸಮ್ಮನವರು ಹಣ ಪಡೆಯಲಿಲ್ಲ. ಸಂಬಳವಿಲ್ಲ, ಭತ್ಯೆಯಿಲ್ಲ, ಪಿಂಚಣಿಯಿಲ್ಲ. ಓದುಬರಹವಿಲ್ಲದ ಈ ಅಜ್ಜಿಗೆ 2018ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ನೀಡಿತು. ಅದೇ ವರ್ಷದ ಡಿಸೆಂಬರ್ 25ರಂದು, ತಮ್ಮ 98ನೇ ವಯಸ್ಸಿನಲ್ಲಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವರು ಕಣ್ಣು ಮುಚ್ಚಿದರು.

ಅವರನ್ನು ನಾನು ಕಣ್ಣಾರೆ ಕಂಡವನಲ್ಲ. ಆದರೆ ಅಂಥ ಒಬ್ಬ ಅಜ್ಜಿಯ ಕೈಯಲ್ಲೇ ಅರಸೀಕೆರೆ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿದವನು. ನನ್ನ ವಯಸ್ಸಿನ ಬಹಳಷ್ಟು ಮಂದಿ ಹಾಗೆಯೇ ಹುಟ್ಟಿದವರು. ಆದ್ದರಿಂದ ನರಸಮ್ಮನವರ ಬದುಕಿನ ಬಗ್ಗೆ ಬರೆಯುವುದು ನಮ್ಮೆಲ್ಲರ ಹಳೆಯ ಸಾಲವೊಂದನ್ನು ನೆನೆಯುವ ಕೆಲಸವೂ ಹೌದು.

ಆಂಧ್ರದ ನಡುವಿನ ತಾಲ್ಲೂಕು

ಮಕ್ಕಳೇ, ಕರ್ನಾಟಕದ ನಕ್ಷೆ ಇದ್ದರೆ ತೆಗೆದು ನೋಡಿ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಉಳಿದ ಜಿಲ್ಲೆಯಿಂದ ಬೇರೆಯಾಗಿ, ಹೆಚ್ಚುಕಡಿಮೆ ಎಲ್ಲ ಕಡೆಯೂ ಆಂಧ್ರಪ್ರದೇಶದ ನೆಲ ಸುತ್ತುವರಿದ ತುಣುಕಿನ ಹಾಗೆ ಕಾಣುತ್ತದೆ. ಅಲ್ಲಿಯ ಜನ ಕನ್ನಡ, ತೆಲುಗು ಎರಡನ್ನೂ ಆಡುತ್ತಾರೆ. ಮಳೆ ಕಡಿಮೆ, ಬಿಸಿಲು ಜಾಸ್ತಿ. ಕಡಲೆಕಾಯಿ ಮುಖ್ಯ ಬೆಳೆ. ಈಗ ಅದೇ ಬಿಸಿಲನ್ನು ಹಿಡಿದು ವಿದ್ಯುತ್ ಮಾಡುವ ದೊಡ್ಡ ಸೌರ ಪಾರ್ಕ್ ಪಾವಗಡದಲ್ಲಿ ಇದೆ. ನರಸಮ್ಮನವರ ಕಾಲದಲ್ಲಿ ಆ ಬಿಸಿಲು ಬೆವರು ಹರಿಸುವುದಕ್ಕೆ ಮಾತ್ರ ಇತ್ತು.

ಅಲ್ಲಿಯ ಕೃಷ್ಣಾಪುರ ಎಂಬ ಹಳ್ಳಿಯಲ್ಲಿ 1920ರಲ್ಲಿ ಅವರು ಹುಟ್ಟಿದರು. ಶಾಲೆಯ ಮುಖ ನೋಡಲಿಲ್ಲ. ಹನ್ನೆರಡನೆಯ ವಯಸ್ಸಿಗೆ ಅಂಜಿನಪ್ಪನವರ ಜೊತೆ ಮದುವೆಯಾಯಿತು. ಈಗ ಆ ವಯಸ್ಸಿನ ಹುಡುಗಿ ಏಳನೇ ತರಗತಿಯಲ್ಲಿ ಭಿನ್ನರಾಶಿ ಲೆಕ್ಕ ಮಾಡುತ್ತಿರುತ್ತಾಳೆ. ಅಂದು ಅವಳು ಸೊಸೆಯಾಗಿ ಒಲೆಯ ಮುಂದೆ ಕೂತಾಗಿತ್ತು. ಹೊಲ, ಮನೆ, ದನಕರು, ನೀರು, ಸೌದೆ ಎಂದು ಬೆಳಗಿನಿಂದ ರಾತ್ರಿಯವರೆಗೆ ಮೈಮುರಿಯುವ ಬದುಕು ನಮ್ಮ ಬಯಲುಸೀಮೆಯ ಹೆಣ್ಣುಮಕ್ಕಳದು. ನರಸಮ್ಮನವರಿಗೆ ಹನ್ನೆರಡು ಮಕ್ಕಳಾದವು. ಅವುಗಳಲ್ಲಿ ನಾಲ್ಕು ಚಿಕ್ಕಂದಿನಲ್ಲೇ ತೀರಿಕೊಂಡವು. ಬೇರೆಯವರ ಮಕ್ಕಳನ್ನು ಬದುಕಿಸಿ ಕೈಗೆ ಕೊಡುತ್ತಿದ್ದ ತಾಯಿ ತನ್ನ ನಾಲ್ಕು ಮಕ್ಕಳನ್ನು ಮಣ್ಣಿಗೆ ಕೊಟ್ಟಿದ್ದಳು ಎಂಬುದನ್ನು ನಾವು ಮರೆಯಬಾರದು.

ಅವರಿಗೆ ಈ ವಿದ್ಯೆ ಬಂದದ್ದು ಅಜ್ಜಿ ಮರಿಗೆಮ್ಮನವರಿಂದ. ನರಸಮ್ಮನವರ ಐದು ಹೆರಿಗೆಗಳನ್ನು ಮಾಡಿಸಿದವರೂ ಆ ಅಜ್ಜಿಯೇ. ಪಾಠ ಹೇಗೆ ನಡೆದಿರಬಹುದು ನೋಡಿ: ಗುರುವಿನ ಕೈ ಶಿಷ್ಯೆಯ ಹೊಟ್ಟೆಯ ಮೇಲೆಯೇ ಇತ್ತು! 1940ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಬಂಧುವೊಬ್ಬರ ಹೆರಿಗೆಗೆ ನೆರವಾದದ್ದರಿಂದ ಅವರ ಕೆಲಸ ಶುರುವಾಯಿತು. ಊರಿಗೆ ಬಂದು ಬಿಡಾರ ಹೂಡುತ್ತಿದ್ದ ಅಲೆಮಾರಿ ಜನರಿಗೆ ನರಸಮ್ಮನವರು ಉಪಕಾರ ಮಾಡುತ್ತಿದ್ದರು. ಪ್ರತಿಯಾಗಿ ಬಸುರಿ ಬಾಣಂತಿಯರಿಗೆ ಬೇಕಾದ ನಾರುಬೇರಿನ ಔಷಧ ಮಾಡುವುದನ್ನು ಅವರಿಂದ ಕಲಿತರು. ಬರೆದಿಟ್ಟುಕೊಳ್ಳಲು ಅಕ್ಷರ ಬರುತ್ತಿರಲಿಲ್ಲ. ಕಲಿತದ್ದೆಲ್ಲ ನೆನಪಿನಲ್ಲಿ, ಬೆರಳಿನಲ್ಲಿ ಉಳಿಯಬೇಕಿತ್ತು, ಉಳಿಯಿತು.

ಬೆರಳಿನ ತುದಿಯ ಕಣ್ಣು

‘ಸೂಲು’ ಎಂದರೆ ಹೆರಿಗೆ. ಮೊದಲ ಹೆರಿಗೆಯನ್ನು ಚೊಚ್ಚಲ ಸೂಲು ಎನ್ನುವುದನ್ನು ನೀವು ಮನೆಯ ಹಿರಿಯರ ಬಾಯಲ್ಲಿ ಕೇಳಿರಬಹುದು. ಸೂಲು ಮಾಡಿಸುವವಳು ಸೂಲಗಿತ್ತಿ.

ಆಕೆ ಮಾಡುತ್ತಿದ್ದುದಾದರೂ ಏನು? ಮಗುವನ್ನು ಹೊರಗೆ ಎಳೆಯುವ ಕೆಲಸ ಆಕೆಯದು ಎಂದು ಎಷ್ಟೋ ಜನ ತಿಳಿದಿದ್ದಾರೆ. ಅದು ತಪ್ಪು. ಮಗು ತಾನಾಗಿ ಬರುವ ದಾರಿಯನ್ನು ಕಾಯುವುದು ಆಕೆಯ ಕೆಲಸ. ಹೊಟ್ಟೆಯ ಮೇಲೆ ಅಂಗೈ ಇಟ್ಟು ಮಗುವಿನ ತಲೆ ಕೆಳಗಿದೆಯೋ ಮೇಲಿದೆಯೋ, ಬೆನ್ನು ಯಾವ ಕಡೆಗಿದೆ, ನೋವು ಎಷ್ಟು ಹೊತ್ತಿಗೆ ಒಮ್ಮೆ ಬರುತ್ತಿದೆ ಎಂದು ತಿಳಿಯಬೇಕು. ನೀರು ಒಡೆದಿದೆಯೇ, ಅದರ ಬಣ್ಣ ಹೇಗಿದೆ ಎಂದು ನೋಡಬೇಕು. ಯಾವ ಉಪಕರಣವೂ ಇಲ್ಲದೆ ಹೊಟ್ಟೆಯೊಳಗಿನ ಮಗುವಿನ ನಾಡಿ, ತಲೆಯ ಸ್ಥಿತಿ, ಸುತ್ತಲಿನ ನೀರು ಇವನ್ನೆಲ್ಲ ನರಸಮ್ಮನವರು ಕೈಯಿಂದಲೇ ಅಂದಾಜು ಮಾಡುತ್ತಿದ್ದರು ಎಂಬುದು ಅವರ ಹೆಸರಿನ ಜೊತೆಗೇ ಬಂದಿರುವ ಮಾತು. ಇಂದು ಸ್ಕ್ಯಾನಿಂಗ್ ಯಂತ್ರ ಪರದೆಯ ಮೇಲೆ ತೋರಿಸುವುದರಲ್ಲಿ ಒಂದಿಷ್ಟನ್ನು ಅಂದು ಬೆರಳಿನ ತುದಿ ಹೇಳುತ್ತಿತ್ತು.

ಮಗು ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಕಸ, ಅಂದರೆ ಮಾಸು, ಪೂರ್ತಿ ಬೀಳುವ ತನಕ ಕಾಯಬೇಕು. ಹೊಕ್ಕುಳಬಳ್ಳಿ ಕತ್ತರಿಸಿ ಕಟ್ಟಬೇಕು. ಮಗು ಅಳದಿದ್ದರೆ ಬಾಯಿ ಮೂಗು ಒರೆಸಿ, ಬೆನ್ನು ನೀವಿ, ಅಂಗಾಲಿಗೆ ತಟ್ಟಿ ಉಸಿರು ಹಿಡಿಸಬೇಕು. ತಾಯಿಯ ಎದೆಗೆ ಹಚ್ಚಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಹೆದರಿದ ಹೆಣ್ಣಿನ ಸೊಂಟ ಒತ್ತುತ್ತಾ, ‘ಆಯ್ತು ಕಣವ್ವ, ಇನ್ನೊಂದು ಗಳಿಗೆ’ ಎಂದು ರಾತ್ರಿಯೆಲ್ಲ ಹೇಳುತ್ತಾ ಕೂರಬೇಕು. ಹತ್ತು ಗಂಟೆಯಾಗಲಿ, ಇಪ್ಪತ್ತು ಗಂಟೆಯಾಗಲಿ, ಎದ್ದುಹೋಗುವ ಹಾಗಿಲ್ಲ. ನಮ್ಮ ಕಡೆ ಇದಕ್ಕೆ ಬಳಸುತ್ತಿದ್ದ ಮಾತೇ ‘ಸೂಲಗಿತ್ತಿ ಕೂತಿದ್ದಾಳೆ’ ಎಂದು. ಕೂರುವುದೇ ಆ ವೃತ್ತಿಯ ಅರ್ಧ ಭಾಗ.

ಮೊರದಲ್ಲಿ ರಾಗಿ, ಬೆಲ್ಲ, ಕೊಬ್ಬರಿ

ಅರಸೀಕೆರೆ ಇವತ್ತು ರೈಲ್ವೆ ಜಂಕ್ಷನ್‌ಗೂ ಕೊಬ್ಬರಿಗೂ ಹೆಸರಾದ ಊರು. ನಾನು ಹುಡುಗನಾಗಿದ್ದಾಗ ಪಟ್ಟಣದಿಂದ ನಾಲ್ಕು ಮೈಲಿ ಒಳಗೆ ಹೋದರೆ ಗಾಡಿ ಜಾಡಷ್ಟೇ ರಸ್ತೆ. ಮನೆಯಲ್ಲಿ ಬೇನೆ ಶುರುವಾಯಿತೆಂದರೆ ಗಂಡಸರಿಗೆ ಹೇಳುತ್ತಿದ್ದ ಕೆಲಸ ಎರಡೇ: ಹಂಡೆ ಒಲೆಗೆ ಉರಿ ಹಾಕುವುದು, ಲಾಟೀನು ಹಿಡಿದು ಸೂಲಗಿತ್ತಿಯನ್ನು ಕರೆತರುವುದು.

ನಮ್ಮೂರ ಸೂಲಗಿತ್ತಿಯೂ ಹಗಲೆಲ್ಲ ಹೊಲದಲ್ಲಿ ಕಳೆ ಕೀಳುವವಳು. ಸಂಜೆ ಮೊಮ್ಮಕ್ಕಳಿಗೆ ಮುದ್ದೆ ತಿರುವುವವಳು. ರಾತ್ರಿ ಬಾಗಿಲು ಬಡಿದರೆ ಸೆರಗು ಸುತ್ತಿಕೊಂಡು ಹೊರಡುವವಳು. ಗುಡಿಸಲಿನಲ್ಲಿ ಬೆಳೆದ ಮೊಮ್ಮಕ್ಕಳಿಗೂ ತೊಟ್ಟಿಮನೆಯಲ್ಲಿ ಹುಟ್ಟಿದ ಮಕ್ಕಳಿಗೂ ಆಕೆ ಒಬ್ಬಳೇ ಅಜ್ಜಿ. ಹೆರಿಗೆಯಾದ ಮೇಲೆ ದಿನಾ ಬಂದು ಬಾಣಂತಿಗೆ ಹರಳೆಣ್ಣೆ ತಿಕ್ಕಿ, ಮೈ ಕೆಂಪಾಗುವಷ್ಟು ಬಿಸಿನೀರು ಹೊಯ್ಯುತ್ತಿದ್ದಳು. ಕೂಸನ್ನು ಚಾಚಿದ ಎರಡು ಕಾಲಿನ ಮೇಲೆ ಮಲಗಿಸಿಕೊಂಡು ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸುತ್ತಿದ್ದಳು. ಬಾಣಂತಿಗೆ ಮೆಣಸು ಬೆಳ್ಳುಳ್ಳಿ ಸಾರು, ಬಿಸಿ ಅನ್ನ, ಕೊಬ್ಬರಿ ಬೆಲ್ಲ. ಇದೆಲ್ಲ ಆಕೆಯ ಉಸ್ತುವಾರಿ.

ಕೂಲಿ? ಶುದ್ಧದ ದಿನ ಮೊರದಲ್ಲಿ ಒಂದಿಷ್ಟು ರಾಗಿ, ಬೆಲ್ಲದ ಅಚ್ಚು, ಎರಡು ಗಿಟುಕು ಕೊಬ್ಬರಿ, ಎಲೆ ಅಡಿಕೆ, ಒಂದು ಕುಪ್ಪಸದ ಕಣ. ಉಳ್ಳವರ ಮನೆಯಾದರೆ ಒಂದು ಸೀರೆ. ಗಂಡು ಮಗುವಾದರೆ ಮೊರ ತುಂಬಿ ತುಳುಕುತ್ತಿತ್ತು, ಹೆಣ್ಣಾದರೆ ಮೊರದ ತಳ ಕಾಣುತ್ತಿತ್ತು. ಆಕೆ ಪಟ್ಟ ಶ್ರಮವಂತೂ ಎರಡಕ್ಕೂ ಒಂದೇ.

ಇನ್ನೊಂದು ಮಾತನ್ನೂ ಮಕ್ಕಳಿಂದ ಮುಚ್ಚಿಡಬಾರದು. ನಮ್ಮ ಹಳ್ಳಿಗಳಲ್ಲಿ ಸೂಲಗಿತ್ತಿಯರು ಹೆಚ್ಚಾಗಿ ಊರಾಚೆಯ ಕೇರಿಯವರು. ನಡುರಾತ್ರಿ ಬಾಗಿಲಿನೊಳಗೆ, ಒಳಕೋಣೆಗೆ, ಬಸುರಿಯ ಹಾಸಿಗೆಯ ತನಕ ಕೈಹಿಡಿದು ಕರೆದುಕೊಂಡು ಹೋದ ಮನೆಯವರೇ ಬೆಳಗಾದ ಮೇಲೆ ಆಕೆಗೆ ಜಗಲಿಯ ಕೆಳಗೆ, ದೂರದಿಂದ ನೀರು ಹೊಯ್ಯುತ್ತಿದ್ದರು. ಮಗುವನ್ನು ಮೊಟ್ಟಮೊದಲು ಮುಟ್ಟಿದ ಕೈಯನ್ನು ಆಮೇಲೆ ಮುಟ್ಟಬಾರದು! ಮೈಲಿಗೆ ಎಂಬ ಕಟ್ಟಳೆಯೊಳಗಿನ ಪೊಳ್ಳುತನ ಇದಕ್ಕಿಂತ ನಿಚ್ಚಳವಾಗಿ ಬೇರೆಲ್ಲೂ ಕಾಣದು. ನನ್ನನ್ನು ಭೂಮಿಗೆ ಇಳಿಸಿದ ಆ ಅಜ್ಜಿಯ ಹೆಸರು ಏನೆಂದು ನಾನು ಕಾಲೇಜಿಗೆ ಹೋಗುವಾಗ ತಾಯಿಯನ್ನು ಕೇಳಿದ್ದೆ. ಅವ್ವನಿಗೆ ಗೊತ್ತಿರಲಿಲ್ಲ. ‘ಎಲ್ಲಾ ಸೂಲಗಿತ್ತಜ್ಜಿ ಅಂತಾನೇ ಕರೀತಿದ್ವಲ್ಲ’ ಎಂದಳು. ತನ್ನ ಐದು ಮಕ್ಕಳನ್ನು ಹೆರಿಸಿದವಳ ಹೆಸರು ಅವಳಿಗೆ ಎಂದೂ ಬೇಕಾಗಿರಲಿಲ್ಲ.

ದಾರಿಯಲ್ಲಿ ನಿಂತ ಗಾಡಿ

ಹಳೆಯ ಕಾಲವೇ ಚೆನ್ನಾಗಿತ್ತು ಎಂದು ಹೇಳಲು ನಾನು ಹೊರಟಿಲ್ಲ. ನನ್ನ ತಾಯಿಯ ಅಕ್ಕ, ನನ್ನ ದೊಡ್ಡಮ್ಮ, ಮೂರನೆಯ ಹೆರಿಗೆಯಲ್ಲಿ ತೀರಿಕೊಂಡಳು. ಮಗು ಸುಖವಾಗಿ ಬಂತು, ಕಸ ಬೀಳಲಿಲ್ಲ, ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ತನಗೆ ತಿಳಿದದ್ದೆಲ್ಲ ಮಾಡಿ, ಕೊನೆಗೆ ಅವಳೇ ‘ಗಾಡಿ ಕಟ್ಟಿ, ಆಸ್ಪತ್ರೆಗೆ ಹೊರಡಿ’ ಎಂದಳಂತೆ. ಎತ್ತಿನಗಾಡಿ ಅರಸೀಕೆರೆ ಮುಟ್ಟುವುದಕ್ಕೆ ಮುಂಚೆಯೇ ತಿರುಗಿ ಊರಿಗೆ ಬಂತು. ಆ ಕೂಸು ನಮ್ಮ ಅಜ್ಜಿಯ ಮಡಿಲಲ್ಲಿ ಮೇಕೆ ಹಾಲು ಕುಡಿದು ಬೆಳೆಯಿತು. ರಕ್ತಸ್ರಾವ ನಿಲ್ಲಿಸುವ ಚುಚ್ಚುಮದ್ದು, ಒಂದೆರಡು ಬಾಟಲಿ ರಕ್ತ, ಅರ್ಧ ಗಂಟೆಯಲ್ಲಿ ಮುಟ್ಟುವ ವಾಹನ, ಇಷ್ಟಿದ್ದಿದ್ದರೆ ಆಕೆ ಬದುಕುತ್ತಿದ್ದಳು.

ಲೆಕ್ಕವೂ ಅದನ್ನೇ ಹೇಳುತ್ತದೆ. ಸ್ವಾತಂತ್ರ್ಯಕ್ಕೆ ಮುಂಚೆ, 1946ರಲ್ಲಿ ಬಂದ ಭೋರ್ ಸಮಿತಿಯ ವರದಿಯ ಅಂದಾಜಿನಂತೆ ನಮ್ಮ ದೇಶದಲ್ಲಿ ಸಾವಿರ ಜನನಕ್ಕೆ ಇಪ್ಪತ್ತು ತಾಯಂದಿರು ಸಾಯುತ್ತಿದ್ದರು. ಅಂದರೆ ಲಕ್ಷಕ್ಕೆ ಎರಡು ಸಾವಿರ. 2018–20ರ ಸರ್ಕಾರಿ ಅಂಕಿಅಂಶದ ಪ್ರಕಾರ ಭಾರತದಲ್ಲಿ ಅದು ಲಕ್ಷಕ್ಕೆ 97ಕ್ಕೆ ಇಳಿದಿದೆ. ಕರ್ನಾಟಕದಲ್ಲಿ 69. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. 108 ಆಂಬುಲೆನ್ಸು, ತಾಯಿ ಕಾರ್ಡು, ಆಶಾ ಕಾರ್ಯಕರ್ತೆಯರು, ಜನನಿ ಸುರಕ್ಷಾ ಯೋಜನೆ, ಇವೆಲ್ಲ ಸೇರಿ ಮಾಡಿದ ಕೆಲಸ ಇದು.

ಕೂಸುಗಳ ಮಾತೂ ಹಾಗೆಯೇ. ತುಕ್ಕು ಹಿಡಿದ ಕುಡುಗೋಲಿನಿಂದಲೋ ಹಳೆಯ ಬ್ಲೇಡಿನಿಂದಲೋ ಹೊಕ್ಕುಳಬಳ್ಳಿ ಕತ್ತರಿಸಿ, ಗಾಯಕ್ಕೆ ಬೂದಿಯನ್ನೋ ಸಗಣಿಯನ್ನೋ ಮೆತ್ತುವುದು ಎಷ್ಟೋ ಕಡೆ ಇತ್ತು. ವಾರದೊಳಗೆ ಕೂಸು ಹಾಲು ಹಿಡಿಯದೆ, ಮೈ ಬಿಲ್ಲಿನಂತೆ ಸೆಟೆದುಕೊಂಡು ಹೋಗಿಬಿಡುತ್ತಿತ್ತು. ಗಾಳಿ ಸೋಕಿತು ಎನ್ನುತ್ತಿದ್ದರು. ಅದು ಧನುರ್ವಾಯು. ಬಸುರಿಯರಿಗೆ ಚುಚ್ಚುಮದ್ದು ಕೊಟ್ಟು, ಶುಚಿಯಾದ ಹೆರಿಗೆ ಮಾಡಿಸಿ, 2015ರಲ್ಲಿ ಭಾರತ ನವಜಾತ ಶಿಶುಗಳ ಧನುರ್ವಾಯುವನ್ನು ನಿರ್ಮೂಲ ಮಾಡಿದ ದೇಶಗಳ ಸಾಲಿಗೆ ಸೇರಿತು.

ಹಾಗೆಂದು ದೊಡ್ಡ ಆಸ್ಪತ್ರೆಯೆಲ್ಲ ಮೊದಲಿನಿಂದಲೂ ಶುಚಿ, ಸೂಲಗಿತ್ತಿಯರೆಲ್ಲ ಕೊಳಕು ಎಂದು ಭಾವಿಸಬೇಡಿ. ಯೂರೋಪಿನ ಒಂದು ಕಥೆ ಕೇಳಿ. 1840ರ ದಶಕದಲ್ಲಿ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಒಂದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ವೈದ್ಯರ ವಾರ್ಡಿನಲ್ಲಿ ಹತ್ತಕ್ಕೆ ಒಬ್ಬರಂತೆ ಬಾಣಂತಿಯರು ಜ್ವರ ಬಂದು ಸಾಯುತ್ತಿದ್ದರು. ಸೂಲಗಿತ್ತಿಯರ ವಾರ್ಡಿನಲ್ಲಿ ಸಾವು ಅದಕ್ಕಿಂತ ಎಷ್ಟೋ ಕಡಿಮೆ. ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ ಇದಕ್ಕೆ ಕಾರಣ ಹುಡುಕಿದ. ವೈದ್ಯರು ಹೆಣ ಕೊಯ್ದ ಕೈಯಲ್ಲೇ ಬಂದು ಹೆರಿಗೆ ಮಾಡಿಸುತ್ತಿದ್ದರು! 1847ರಲ್ಲಿ ಆತ ಎಲ್ಲರೂ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಲೇಬೇಕು ಎಂದು ಕಟ್ಟು ಮಾಡಿದ. ಕೆಲವೇ ತಿಂಗಳಲ್ಲಿ ಸಾವು ತಗ್ಗಿತು. ಆದರೂ ಆ ಕಾಲದ ಹಿರಿಯ ವೈದ್ಯರು ಅವನ ಮಾತನ್ನು ಒಪ್ಪಲಿಲ್ಲ. ಶುಚಿತ್ವ ಕಟ್ಟಡದಲ್ಲಿ ಇರುವುದಿಲ್ಲ, ಕೈಯಲ್ಲಿ ಇರುತ್ತದೆ.

ಕಸುಬೇ ಬಿರುದಾಯಿತು

ನರಸಮ್ಮನವರನ್ನು ಪ್ರಶಸ್ತಿಗಳು ಹುಡುಕಿಕೊಂಡು ಬಂದದ್ದು ತೊಂಬತ್ತು ದಾಟಿದ ಮೇಲೆ. 2012ರಲ್ಲಿ ರಾಜ್ಯ ಸರ್ಕಾರದ ದೇವರಾಜ ಅರಸು ಪ್ರಶಸ್ತಿ, 2013ರಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ಪ್ರಶಸ್ತಿ ಮತ್ತು ರಾಜ್ಯೋತ್ಸವ ಪ್ರಶಸ್ತಿ ಬಂದವು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಸಹಿ ಹಾಕಲು ಶಾಲೆಗೆ ಹೋಗದವರಿಗೆ ಡಾಕ್ಟರೇಟ್! ವಿದ್ಯೆ ಎಂದರೆ ಪುಸ್ತಕ ಮಾತ್ರವಲ್ಲ ಎಂದು ವಿಶ್ವವಿದ್ಯಾಲಯವೇ ಒಪ್ಪಿಕೊಂಡ ಹಾಗಾಯಿತು.

2018ರಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ಕೈಯಿಂದ ಪದ್ಮಶ್ರೀ. ಆ ವರ್ಷ ನಮ್ಮ ರಾಜ್ಯದಿಂದ ಕವಿ ದೊಡ್ಡರಂಗೇಗೌಡ, ಇಬ್ರಾಹಿಂ ಸುತಾರ, ದೇವದಾಸಿ ಪದ್ಧತಿಯ ವಿರುದ್ಧ ದುಡಿದ ಸೀತವ್ವ ಜೋಡಟ್ಟಿ ಅವರಿಗೂ ಪದ್ಮಶ್ರೀ ಬಂದಿತ್ತು.

ಆ ಪಟ್ಟಿಯಲ್ಲಿ ನನ್ನ ಕಣ್ಣು ನಿಂತದ್ದು ಅಜ್ಜಿಯ ಹೆಸರಿನ ಮೇಲಲ್ಲ, ಹೆಸರಿನ ಮುಂದಿನ ಪದದ ಮೇಲೆ. ‘ಸೂಲಗಿತ್ತಿ ನರಸಮ್ಮ’ ಎಂದು ಇತ್ತು. ಪಂಡಿತ, ವಿದ್ವಾನ್, ಡಾಕ್ಟರ್ ಎಂಬ ಪದಗಳು ಕೂರುವ ಜಾಗದಲ್ಲಿ ಸೂಲಗಿತ್ತಿ ಕೂತಿತ್ತು. ಜಗಲಿಯ ಕೆಳಗೆ ನಿಲ್ಲಿಸಿ ಕರೆಯುತ್ತಿದ್ದ ಪದ ಅದು. ಹೆಸರನ್ನೇ ನುಂಗಿಹಾಕುತ್ತಿದ್ದ ಪದ. ಅದು ಒಬ್ಬಾಕೆಯ ಹೆಸರಿನ ಮುಂದೆ ಬಿರುದಾಗಿ ನಿಂತು, ರಾಷ್ಟ್ರಪತಿ ಭವನದ ದರ್ಬಾರ್ ಹಾಲಿನೊಳಗೆ ಹೋಗಿ ಬಂತು. ನನ್ನ ಮಟ್ಟಿಗೆ ಆ ಪದಕ ನರಸಮ್ಮನವರ ಒಬ್ಬರ ಕೊರಳಿನದಲ್ಲ. ಹೆಸರು ಉಳಿಯದ ಎಲ್ಲ ಅಜ್ಜಿಯರದು.

ಪಕ್ಕದಲ್ಲಿ ಕೂರುವವರು ಯಾರು?

ಸೂಲಗಿತ್ತಿಯಿಂದ ಆಸ್ಪತ್ರೆಗೆ ಬಂದ ನಮ್ಮ ದಾರಿ ಸರಿಯಾದದ್ದೇ. ಆದರೆ ದಾರಿಯಲ್ಲಿ ಒಂದು ವಸ್ತು ಕೈಜಾರಿತು. ನನ್ನ ಮಗಳ ಹೆರಿಗೆ ಒಂದು ನಗರದ ಆಸ್ಪತ್ರೆಯಲ್ಲಿ ಆಯಿತು. ವೈದ್ಯರು ಸಮರ್ಥರು, ಯಂತ್ರಗಳು ಹೊಸವು. ಆದರೆ ಹನ್ನೊಂದು ಗಂಟೆ ಕಾಲ ಅವಳು ಒಬ್ಬಳೇ. ನನ್ನ ಹೆಂಡತಿಯನ್ನು ಬಾಗಿಲಿನ ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು. ಆಗಾಗ ಯಾರೋ ಬಂದು ನೋಡಿ ಹೋಗುತ್ತಿದ್ದರಂತೆ, ಯಾರೂ ಕೂರಲಿಲ್ಲ. ‘ನೋವಿಗಿಂತ ಹೆಚ್ಚಾಗಿ ಒಂಟಿತನಕ್ಕೆ ಹೆದರಿದೆ ಅಪ್ಪಾಜಿ’ ಎಂದು ಮಗಳು ಆಮೇಲೆ ಹೇಳಿದಳು. ಮಗು, ತಾಯಿ ಇಬ್ಬರೂ ಕ್ಷೇಮ. ಅದಕ್ಕೆ ಆ ಆಸ್ಪತ್ರೆಗೆ ನಮಸ್ಕಾರ. ಆದರೆ ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ.

ಇದು ಬರೀ ಭಾವನೆಯ ಮಾತಲ್ಲ ಎಂದು ಈಗ ವೈದ್ಯಲೋಕವೂ ಹೇಳುತ್ತಿದೆ. ಹೆರಿಗೆಯ ಹೊತ್ತಿನಲ್ಲಿ ಹೆಣ್ಣಿಗೆ ಬೇಕಾದವರೊಬ್ಬರು ಜೊತೆಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡಿದೆ. 2016ರಲ್ಲಿ ಭಾರತ ಸರ್ಕಾರವೂ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಜೊತೆಗಾತಿಗೆ ಅವಕಾಶ ಕೊಟ್ಟಿತು. ನಿಮ್ಮ ಮನೆಯಲ್ಲಿ ಹೆರಿಗೆ ಇದ್ದರೆ ಈ ಸಂಗತಿ ತಿಳಿದಿರಲಿ, ಮುಂಚಿತವಾಗಿಯೇ ಕೇಳಿಕೊಳ್ಳಿ. ಇತ್ತ ನಮ್ಮ ರಾಜ್ಯದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಹೆರಿಗೆ ಸಿಸೇರಿಯನ್ ಆಗುತ್ತಿದೆ ಎಂದು ಐದನೇ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿದೆ. ಬೇಕಾದ ಕಡೆ ಆ ಶಸ್ತ್ರಕ್ರಿಯೆ ಜೀವ ಉಳಿಸುತ್ತದೆ. ನನ್ನ ದೊಡ್ಡಮ್ಮನಂಥವರ ಮನೆಯವನು ಅದನ್ನು ಹಳಿಯಲಾರೆ. ಆದರೆ ಕಾಯುವ ವ್ಯವಧಾನ ಇದ್ದಿದ್ದರೆ ತಾನಾಗಿ ಆಗಬಹುದಾಗಿದ್ದ ಹೆರಿಗೆಗಳೂ ಅದರಲ್ಲಿ ಸೇರಿರುತ್ತವೆ ಎಂದು ವೈದ್ಯರೇ ಹೇಳುತ್ತಾರೆ.

2018ರ ಡಿಸೆಂಬರಿನಲ್ಲಿ, ನರಸಮ್ಮನವರು ತೀರಿಕೊಂಡ ತಿಂಗಳಲ್ಲೇ, ಕೇಂದ್ರ ಆರೋಗ್ಯ ಇಲಾಖೆ ಸೂಲಗಿತ್ತಿ ಸೇವೆಗೆ ಹೊಸ ಮಾರ್ಗಸೂಚಿಯೊಂದನ್ನು ಹೊರತಂದಿತು. ನರ್ಸಿಂಗ್ ಓದಿದವರಿಗೆ ಹೆರಿಗೆಯ ವಿಶೇಷ ತರಬೇತಿ ಕೊಟ್ಟು, ತೊಂದರೆಯಿಲ್ಲದ ಹೆರಿಗೆಗಳನ್ನು ಅವರೇ ಪಕ್ಕದಲ್ಲಿದ್ದು ಮಾಡಿಸುವಂತೆ, ತೊಡಕಾದರೆ ಕೂಡಲೇ ವೈದ್ಯರನ್ನು ಕರೆಯುವಂತೆ ಮಾಡುವುದು ಅದರ ಆಶಯ. ಹಳೆಯ ಅಜ್ಜಿಯ ತಾಳ್ಮೆ, ಹೊಸ ಆಸ್ಪತ್ರೆಯ ರಕ್ಷಣೆ, ಎರಡೂ ಒಂದೇ ಕೋಣೆಯಲ್ಲಿ.

ಆ ವರ್ಷದ ಪದ್ಮಶ್ರೀ ಪಟ್ಟಿಯಲ್ಲೇ ಮಹಾರಾಷ್ಟ್ರದ ಗಡಚಿರೋಲಿಯ ವೈದ್ಯ ದಂಪತಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಅವರೂ ಇದ್ದರು. ಅವರು ಹಳ್ಳಿಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು, ಹುಟ್ಟಿದ ಕೂಸನ್ನು ಮನೆಯಲ್ಲೇ ಹೇಗೆ ನೋಡಿಕೊಳ್ಳಬೇಕು ಎಂದು ಕಲಿಸಿದರು. ಅಲ್ಲಿ ನವಜಾತ ಶಿಶುಗಳ ಸಾವು ಅರ್ಧಕ್ಕಿಂತ ಕಡಿಮೆಯಾಯಿತು. 1999ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವಾಗಿ ಜಗತ್ತಿನ ಗಮನ ಸೆಳೆಯಿತು. ಈಗ ನಮ್ಮ ಮನೆಗಳಿಗೆ ಆಶಾ ಕಾರ್ಯಕರ್ತೆ ಬಾಣಂತಿಯನ್ನು ನೋಡಲು ಬರುತ್ತಾಳಲ್ಲ, ಅದರ ಹಿಂದೆ ಈ ಪಾಠವಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮೂರನೇ ದಿನದಿಂದ ನಲವತ್ತೆರಡನೇ ದಿನದೊಳಗೆ ಆರು ಸಲ ಆಕೆ ಬರಬೇಕು. ಕೂಸಿನ ತೂಕ, ಮೈಬಿಸಿ, ಹೊಕ್ಕುಳು, ಹಾಲು ಕುಡಿಯುವ ರೀತಿ ನೋಡಬೇಕು. ಆಕೆಯೂ ಹೆಚ್ಚಿನ ಕಡೆ ರೈತರ ಮನೆಯ ಹೆಂಡತಿಯೇ, ಬೆಳಗ್ಗೆ ಮನೆಗೆಲಸ ಮುಗಿಸಿ ಚೀಲ ಹೆಗಲಿಗೆ ಹಾಕಿಕೊಂಡು ಬಿಸಿಲಲ್ಲಿ ನಡೆದು ಬಂದವಳು. ಅವಳು ಬಾಗಿಲಿಗೆ ಬಂದರೆ ಒಳಗೆ ಕರೆದು ಕುರ್ಚಿ ಹಾಕಿ, ಒಂದು ಲೋಟ ಮಜ್ಜಿಗೆ ಕೊಡಿ. ಅವಳ ಹೆಸರು ಕೇಳಿ, ಹೆಸರು ಹಿಡಿದೇ ಕರೆಯಿರಿ.

ಕಲ್ಲಿನಲ್ಲಿ ಇರುವ ಹೆಸರು, ಇಲ್ಲದ ಹೆಸರು

ನಮ್ಮ ಜಿಲ್ಲೆಗೆ ಪ್ರವಾಸ ಬರುವ ಮಕ್ಕಳು ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನೋಡಿಯೇ ನೋಡುತ್ತಾರೆ. ಅಲ್ಲಿಯ ಶಿಲ್ಪಗಳ ಅಡಿಯಲ್ಲಿ ಶಿಲ್ಪಿಗಳ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕಲ್ಲಿನಲ್ಲಿ ಕೊರೆದು ಹೋಗಿದ್ದಾರೆ. ಒಂಬೈನೂರು ವರ್ಷದ ಮೇಲೂ ನಾವು ಆ ಹೆಸರು ಓದುತ್ತೇವೆ. ಅದೇ ಶಿಲ್ಪಿಗಳನ್ನು, ಅವರಿಗೆ ಆಶ್ರಯ ಕೊಟ್ಟ ಹೊಯ್ಸಳ ದೊರೆಗಳನ್ನು ಭೂಮಿಗೆ ಇಳಿಸಿದ ಕೈಗಳ ಹೆಸರು ಯಾವ ಶಾಸನದಲ್ಲೂ ಇಲ್ಲ. ನಮ್ಮೂರಿನ ಅಜ್ಜಿಯ ಹೆಸರು ಎಪ್ಪತ್ತು ವರ್ಷ ಕೂಡ ಉಳಿಯಲಿಲ್ಲ.

ಆದ್ದರಿಂದ ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ನಿಮ್ಮ ಅಜ್ಜಿಯ ಪಕ್ಕದಲ್ಲಿ ಹೋಗಿ ಕೂತು ಮೂರು ಪ್ರಶ್ನೆ ಕೇಳಿ. ಅಜ್ಜಿ, ನೀನು ಎಲ್ಲಿ ಹುಟ್ಟಿದೆ? ನಿನ್ನನ್ನು ಮೊದಲು ಎತ್ತಿಕೊಂಡವರು ಯಾರು? ಅವರ ಹೆಸರೇನು? ಮೊದಲ ಎರಡಕ್ಕೆ ಉತ್ತರ ಬೇಗ ಸಿಗುತ್ತದೆ. ಮೂರನೆಯದಕ್ಕೆ ಅಜ್ಜಿ ಸ್ವಲ್ಪ ಯೋಚಿಸಬೇಕಾಗಬಹುದು, ಊರಿನ ಯಾರಿಗಾದರೂ ಫೋನು ಮಾಡಬೇಕಾಗಬಹುದು. ಮಾಡಿಸಿ. ಹೆಸರು ಸಿಕ್ಕರೆ ಒಂದು ಹಾಳೆಯಲ್ಲಿ ಬರೆದು, ಅದರ ಮುಂದೆ ‘ಸೂಲಗಿತ್ತಿ’ ಎಂದು ಸೇರಿಸಿ, ನಿಮ್ಮ ಮನೆಯ ಹಳೆಯ ಫೋಟೋಗಳ ಜೊತೆಗೆ ಇಡಿ.